ಮೊದಲ ಗೋಲಿ ಯಾಕೆ ಜೋರು? ಪೇಂಟ್‌ಬಾಲ್ ಗನ್ನಿನ ರೆಗ್ಯುಲೇಟರ್ ಹದಕ್ಕೆ ತರುವುದು ಹೇಗೆ

ಹೊಸನಗರದ ಕಡೆ ನಮ್ಮ ಭಾವ ಒಂದು ಹೋಮ್‌ಸ್ಟೇ ನಡೆಸುತ್ತಾರೆ. ಮುಂದೆ ಅಡಿಕೆ ತೋಟ, ಮನೆ ಹಿಂದೆ ಖಾಲಿ ಬ್ಯಾಣ. ಬಂದವರೆಲ್ಲ "ಇಲ್ಲಿ ಆಡೋಕೆ ಏನಿದೆ?" ಅಂತ ಕೇಳಿ ಕೇಳಿ, ಕೊನೆಗೆ ಯಾರೋ ಆಡಿ ಬಿಟ್ಟ ಎಂಟು ಪೇಂಟ್‌ಬಾಲ್ ಗನ್ ತಂದರು. ಬ್ಯಾಣದಲ್ಲಿ ನಾಲ್ಕು ಹಳೇ ಡ್ರಮ್ಮು, ಒಂದಷ್ಟು ಅಡಿಕೆ ದಬ್ಬೆ ನಿಲ್ಲಿಸಿ, ಸುತ್ತ ಬಲೆ ಕಟ್ಟಿದರು. ಮೈದಾನ ರೆಡಿ.

ಮೂರನೇ ವಾರಕ್ಕೆ ದೂರು ಬಂತು. ಒಬ್ಬ ಹುಡುಗನ ತೊಡೆ ಮೇಲೆ ನೇರಳೆ ಹಣ್ಣಿನ ಬಣ್ಣದ ದೊಡ್ಡ ಕಲೆ. ಹೊಡೆದವನು ಅವನ ಸ್ನೇಹಿತನೇ. ಅವನದು ಇನ್ನೊಂದು ದೂರು: "ಅಂಕಲ್, ಮೊದಲನೇದು ಬಂದೂಕಿನ ಥರ ಹೋಯ್ತು. ಆಮೇಲಿನವು ಅರ್ಧ ದಾರೀಲೇ ಬಿದ್ವು." ಅದೇ ಗನ್ನು, ಅದೇ ಡಬ್ಬದ ಗೋಲಿ, ಅದೇ ಸಿಲಿಂಡರು. ಭಾವ ನನಗೆ ಫೋನ್ ಮಾಡಿದರು. "ಪಂಪ್‌ಸೆಟ್ ರಿಪೇರಿ ಮಾಡ್ತೀಯಲ್ಲ ಮಾರಾಯ, ಇದೂ ಪ್ರೆಶರ್ ವಿಷಯವೇ. ಒಂದ್ಸಲ ಬಂದು ನೋಡು."

ಮಲೆನಾಡಿನ ರೆಸಾರ್ಟು, ಹೋಮ್‌ಸ್ಟೇಗಳಲ್ಲಿ ಈ ಆಟ ಈಗ ಅಲ್ಲಲ್ಲಿ ಸಿಗುತ್ತದೆ. ಆಡಿಸುವವರು ಮುಖವಾಡ ಕೊಡುತ್ತಾರೆ, ಗೋಲಿ ಎಣಿಸಿ ಕೊಡುತ್ತಾರೆ. ಗನ್ನಿನ ಹೊಟ್ಟೆಯೊಳಗೆ ಏನಿದೆ ಅಂತ ಕೇಳಿದರೆ ಮಾತ್ರ ಸುಮ್ನಾಗುತ್ತಾರೆ. ಆ ಹೊಟ್ಟೆಯಲ್ಲಿ ಕೂತ ರೆಗ್ಯುಲೇಟರ್ ಅನ್ನೋ ಚಿಕ್ಕ ಲೋಹದ ತುಂಡಿನ ಕತೆ ಇದು.

ಮೊದಲು ಗನ್ನಿನ ಬಗ್ಗೆ ಎರಡು ಮಾತು

ಆಟದವರು ಇದನ್ನು ಮಾರ್ಕರ್ ಅನ್ನುತ್ತಾರೆ. ಗುರುತು ಹಾಕುವ ಸಾಧನ ಅಂತ ಅರ್ಥ. ಇದು ಹುಟ್ಟಿದ್ದೇ ಕಾಡಿನ ಕೆಲಸಕ್ಕೆ. ಕಡಿಯಬೇಕಾದ ಮರಕ್ಕೆ, ದನಗಳ ಹಿಂಡಿನಲ್ಲಿ ಬೇರೆ ಮಾಡಬೇಕಾದ ದನಕ್ಕೆ ದೂರದಿಂದಲೇ ಬಣ್ಣ ಹೊಡೆಯಲು ಅಮೆರಿಕದಲ್ಲಿ ಇದನ್ನು ಬಳಸುತ್ತಿದ್ದರು. 1981ರ ಜೂನ್‌ನಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಹೆನಿಕರ್ ಅನ್ನೋ ಊರಿನ ಕಾಡಿನಲ್ಲಿ 12 ಜನ ಸೇರಿ ಅದೇ ಸಾಧನ ಹಿಡಿದು ಮೊದಲ ಆಟ ಆಡಿದರು. ಮರಕ್ಕೆ ಮಾರ್ಕ್ ಹಾಕುವುದು ನಮ್ಮ ಕಡೆಯವರಿಗೆ ಹೊಸ ವಿಷಯವೇನೂ ಅಲ್ವಲ್ಲ.

ಗೋಲಿ ಸುಮಾರು 17 ಮಿಲಿಮೀಟರ್ ದಪ್ಪ, 3 ಗ್ರಾಂ ತೂಕ. ಮೇಲೆ ಮಾತ್ರೆಯ ಕ್ಯಾಪ್ಸೂಲಿನಂಥ ಜೆಲಟಿನ್ ಸಿಪ್ಪೆ, ಒಳಗೆ ನೀರಲ್ಲಿ ತೊಳೆದುಹೋಗುವ ಬಣ್ಣ. ಮದ್ದು ಗಿದ್ದು ಏನಿಲ್ಲ. ಒತ್ತಿ ಹಿಡಿದ ಗಾಳಿ ಒಂದು ಕ್ಷಣ ಬಿಡುಗಡೆಯಾಗಿ ಗೋಲಿಯನ್ನು ನಳಿಗೆಯಿಂದ ಆಚೆ ದೂಡುತ್ತದೆ, ಅಷ್ಟೆ.

ವೇಗಕ್ಕೆ ಒಂದು ಮಿತಿ ಇದೆ. ಹೊರಾಂಗಣದಲ್ಲಿ ಸೆಕೆಂಡಿಗೆ 300 ಅಡಿ ದಾಟಬಾರದು ಅನ್ನುವುದು ಆಟದ ಲೋಕದಲ್ಲಿ ಎಲ್ಲರೂ ಒಪ್ಪಿದ ಗೆರೆ. ಎಷ್ಟೋ ಮೈದಾನಗಳು 280ಕ್ಕೇ ನಿಲ್ಲಿಸುತ್ತವೆ. ಕಮ್ಮಿ ಅನಿಸಿತಾ? 280 ಅಡಿ ಅಂದರೆ ಗಂಟೆಗೆ 300 ಕಿಲೋಮೀಟರಿಗಿಂತ ಜಾಸ್ತಿ. ಆ ವೇಗದಲ್ಲಿ ಗೋಲಿ ಮೈಗೆ ಬಡಿದರೆ ಚುರ್ ಅನ್ನುತ್ತದೆ, ಒಡೆಯುತ್ತದೆ, ಬಣ್ಣ ಚೆಲ್ಲುತ್ತದೆ. ತೀರಾ ಜಾಸ್ತಿಯಾದರೆ ಚರ್ಮ ಕಪ್ಪಾಗುತ್ತದೆ. ಕಮ್ಮಿಯಾದರೆ ಗೋಲಿ ಒಡೆಯದೆ ಪುಟಿದು ಬೀಳುತ್ತದೆ. ಆಟ ಕೆಡುತ್ತದೆ, ಪೆಟ್ಟಂತೂ ಬಿದ್ದೇ ಬಿದ್ದಿರುತ್ತದೆ.

ಎಂಟು ಜೋಗದ ಒತ್ತಡ

ಗನ್ನಿನ ಹಿಂದೆ ಒಂದು ಸಿಲಿಂಡರ್ ಇರುತ್ತದಲ್ಲ, ಅದರೊಳಗೆ ತುಂಬುವುದು ನಾವು ಉಸಿರಾಡುವ ಗಾಳಿಯನ್ನೇ. ಒತ್ತಡವನ್ನು ಅಳೆಯುವುದು ಪಿಎಸ್‌ಐ ಲೆಕ್ಕದಲ್ಲಿ. ಒಂದು ಚದರ ಇಂಚು ಜಾಗದ ಮೇಲೆ ಎಷ್ಟು ಪೌಂಡ್ ಭಾರ ಬೀಳುತ್ತದೆ ಅನ್ನುವುದೇ ಪಿಎಸ್‌ಐ. ಮನೆ ಕುಕ್ಕರ್ ಸೀಟಿ ಹೊಡೆಯುವುದು ಸುಮಾರು 15 ಪಿಎಸ್‌ಐಗೆ. ಬೈಕ್ ಟಯರಿಗೆ 30ರ ಆಸುಪಾಸು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಜೋರಂದರೆ 150. ಪೇಂಟ್‌ಬಾಲ್ ಸಿಲಿಂಡರಿಗೆ ಹಿಡಿಸುವುದು 3000, ಇನ್ನು ಕಾರ್ಬನ್ ಫೈಬರ್ ಸುತ್ತಿದ ದುಬಾರಿ ಸಿಲಿಂಡರಿಗೆ 4500.

3000 ಅಂದರೆ ಎಷ್ಟು ಅಂತ ತಲೆಗೆ ಹೋಗಲಿಕ್ಕೆ ನಾನು ಭಾವನಿಗೆ ಜೋಗದ ಲೆಕ್ಕ ಹೇಳಿದೆ. ಜೋಗದ ಗುಂಡಿ 253 ಮೀಟರ್ ಆಳ. ಮೇಲಿಂದ ಕೆಳಗಿನವರೆಗೆ ಒಂದು ಪೈಪ್ ಇಳಿಸಿ ನೀರು ತುಂಬಿದರೆ, ಪೈಪಿನ ಬುಡದಲ್ಲಿ ಒತ್ತಡ ಸುಮಾರು 360 ಪಿಎಸ್‌ಐ ಆಗುತ್ತದೆ. ಅಂಥ ಎಂಟು ಜೋಗ ಒಂದರ ಮೇಲೊಂದು ನಿಲ್ಲಿಸಿದರೂ 3000ಕ್ಕೆ ಇನ್ನೂ ಚೂರು ಬಾಕಿ. ಅಷ್ಟು ಒತ್ತಡ ಒಂದು ತಂಬಿಗೆ ಗಾತ್ರದ ಸಿಲಿಂಡರಿನಲ್ಲಿ ಸುಮ್ನೆ ಕೂತಿರುತ್ತದೆ. ಸಿಎನ್‌ಜಿ ಆಟೋದ ಸಿಲಿಂಡರಿನಲ್ಲಿ, ಮುರುಡೇಶ್ವರದಿಂದ ನೇತ್ರಾಣಿಗೆ ಹೋಗುವ ಸ್ಕೂಬಾದವರ ಬೆನ್ನ ಮೇಲಿನ ಸಿಲಿಂಡರಿನಲ್ಲಿ ಇರುವುದೂ ಹೆಚ್ಚುಕಮ್ಮಿ ಇಷ್ಟೇ ಒತ್ತಡ. ಹಾಗಾಗಿ ಇದನ್ನು ತುಂಬಲು ಸ್ಕೂಬಾದವರು ಬಳಸುವಂಥ ಕಂಪ್ರೆಸರ್ರೇ ಬೇಕು. ಪಂಕ್ಚರ್ ಅಂಗಡಿಯಲ್ಲಿ ಆಗುವ ಕೆಲಸ ಅಲ್ಲ.

3 ಗ್ರಾಂ ಗೋಲಿಯನ್ನು ದೂಡಲು ಎಂಟು ಜೋಗ ಬೇಕಾಗಿಲ್ಲ. ಗನ್ನಿನ ಒಳಭಾಗ ಅದನ್ನು ತಡೆಯುವುದೂ ಇಲ್ಲ. ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಆಡುತ್ತ ಆಡುತ್ತ ಸಿಲಿಂಡರ್ ಖಾಲಿಯಾಗುತ್ತ ಹೋಗುತ್ತದೆ. 3000 ಇದ್ದದ್ದು 2000, 1500, 1000 ಆಗುತ್ತದೆ. ನೇರವಾಗಿ ಜೋಡಿಸಿದರೆ ಪ್ರತಿ ಗೋಲಿಯೂ ಹಿಂದಿನದಕ್ಕಿಂತ ಮೆಲ್ಲಗೆ ಹೋಗುತ್ತದೆ. ರೆಗ್ಯುಲೇಟರ್ ಬೇಕಾಗುವುದು ಇಲ್ಲಿ. ಹಿಂದೆ ಒತ್ತಡ ಎಷ್ಟೇ ಇರಲಿ, ಮುಂದೆ ಬಿಡುವುದು ಯಾವಾಗಲೂ ಒಂದೇ ಅಳತೆ. ಇದು ವೇಗ ಕೊಡುವ ಯಂತ್ರ ಅಂದುಕೊಂಡವರೇ ಜಾಸ್ತಿ. ನಿಜಕ್ಕೂ ಇದು ಕೊಡುವುದು ಒಂದೇ ಸಮನೆಯ ವೇಗ. ಆ ಹುಡುಗನಿಗೆ ಸಿಗದೇ ಹೋದದ್ದೂ ಅದೇ.

ಅಬ್ಬಿ ನೀರು ಮತ್ತು ಟ್ಯಾಂಕಿನ ಫ್ಲೋಟು

ಭಾವನ ಮನೆಗೆ ಇವತ್ತಿಗೂ ಅಬ್ಬಿ ನೀರು. ಗುಡ್ಡದ ಮೇಲಿನ ಒರತೆಯಿಂದ ಪೈಪಿನಲ್ಲಿ ತಾನಾಗಿ ಇಳಿದು ಹಿತ್ತಲಿನ ಟ್ಯಾಂಕಿಗೆ ಬೀಳುತ್ತದೆ. ಹಿಂದೆ ಅಡಿಕೆ ದಬ್ಬೆಯಲ್ಲಿ ಹರಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಪೈಪು. ಟ್ಯಾಂಕಿನ ಬಾಯಲ್ಲಿ ಒಂದು ಫ್ಲೋಟ್ ವಾಲ್ವ್ ಇದೆ. ನೀರು ಏರಿದಂತೆ ಚೆಂಡು ತೇಲಿ ಮೇಲೆ ಬಂದು ನಲ್ಲಿ ಮುಚ್ಚುತ್ತದೆ. ಬಕೆಟ್ ನೀರು ತೆಗೆದರೆ ಚೆಂಡು ಇಳಿಯುತ್ತದೆ, ನಲ್ಲಿ ತೆರೆಯುತ್ತದೆ. ಮೇಲಿನ ಒರತೆ ಜೋರಾಗಿರಲಿ, ಸಣ್ಣಗಾಗಿರಲಿ, ಟ್ಯಾಂಕಿನ ಮಟ್ಟ ಒಂದೇ.

ರೆಗ್ಯುಲೇಟರ್ ಮಾಡುವುದೂ ಇದನ್ನೇ. ಒಳಗೆ ಚೆಂಡಿನ ಬದಲು ಹೆಬ್ಬೆರಳಿನ ಗಾತ್ರದ ಒಂದು ಪಿಸ್ಟನ್ ಇರುತ್ತದೆ. ಒಂದು ಕಡೆಯಿಂದ ಸ್ಪ್ರಿಂಗ್ ಅದನ್ನು ದೂಡಿ ದಾರಿ ತೆರೆಯಲು ನೋಡುತ್ತದೆ. ಇನ್ನೊಂದು ಕಡೆಯಿಂದ, ಆಗಲೇ ಒಳಗೆ ಬಂದ ಗಾಳಿ ಅದನ್ನು ಒತ್ತಿ ದಾರಿ ಮುಚ್ಚಲು ನೋಡುತ್ತದೆ. ಇಬ್ಬರ ಬಲ ಸಮವಾದ ಕಡೆ ದಾರಿ ಬಂದ್. ಟ್ರಿಗರ್ ಒತ್ತಿದ ಕೂಡಲೇ ಒಳಗಿನ ಗಾಳಿ ಖರ್ಚಾಗುತ್ತದೆ, ಸ್ಪ್ರಿಂಗಿನ ಕೈ ಮೇಲಾಗುತ್ತದೆ, ಹೊಸ ಗಾಳಿ ಬರುತ್ತದೆ, ಮತ್ತೆ ಬಂದ್. ಕಣ್ಣು ಮಿಟುಕಿಸುವುದರೊಳಗೆ ಇಷ್ಟೂ ಮುಗಿದಿರುತ್ತದೆ. ಪಿಸ್ಟನ್ನಿನ ತುದಿ ಹೋಗಿ ಕೂರುವ ಮೆತ್ತನೆ ಬಿಲ್ಲೆಗೆ ಸೀಟ್ ಅನ್ನುತ್ತಾರೆ. ಈ ಸೀಟನ್ನು ನೆನಪಿಟ್ಟುಕೊಳ್ಳಿ, ತೊಡೆಯ ಕಲೆಯ ಗುಟ್ಟು ಅಲ್ಲೇ ಇದೆ.

ಹದ ಮಾಡುವ ಸ್ಕ್ರೂ ಮಾಡುವುದು ಒಂದೇ ಕೆಲಸ: ಸ್ಪ್ರಿಂಗನ್ನು ಬಿಗಿ ಅಥವಾ ಸಡಿಲ ಮಾಡುವುದು. ಬಿಗಿಯಾದರೆ ಅದನ್ನು ಸೋಲಿಸಲು ಜಾಸ್ತಿ ಗಾಳಿ ಬೇಕು, ಅಂದರೆ ಒತ್ತಡ ಏರಿತು. ಫ್ಲೋಟಿನ ಕಡ್ಡಿಯನ್ನು ಮೇಲಕ್ಕೆ ಬಗ್ಗಿಸಿದರೆ ಟ್ಯಾಂಕ್ ಇನ್ನಷ್ಟು ತುಂಬುತ್ತದಲ್ಲ, ಹಾಗೆ.

ಒಂದಲ್ಲ, ಎರಡು. ಕೆಲವದರಲ್ಲಿ ಮೂರು

ಮೊದಲನೇ ರೆಗ್ಯುಲೇಟರ್ ಸಿಲಿಂಡರಿನ ಕುತ್ತಿಗೆಯಲ್ಲೇ ಇರುತ್ತದೆ. ಅದು 3000ವನ್ನು ಸುಮಾರು 800ಕ್ಕೆ ಇಳಿಸುತ್ತದೆ. ಕಡಿಮೆ ಒತ್ತಡದವು 450ಕ್ಕೆ ಇಳಿಸುತ್ತವೆ. ಇದಕ್ಕೆ ಕೈ ಹಾಕುವಂತಿಲ್ಲ. ಸಾದಾ ಗನ್ನುಗಳು, ಅಂದರೆ ಬಾಡಿಗೆಗೆ ಕೊಡುವಂಥವು, ಈ 800ರಲ್ಲೇ ಓಡುತ್ತವೆ. ಅವುಗಳ ವೇಗದ ಸ್ಕ್ರೂ ಗಾಳಿಯ ದಾರಿಯನ್ನು ಕಿರಿದು ಮಾಡುತ್ತದೆ, ಅಷ್ಟೆ. ಭಾವನ ಎಂಟರಲ್ಲಿ ಆರು ಈ ಜಾತಿಯವು.

ಉಳಿದೆರಡಕ್ಕೆ ಗನ್ನಿನ ಮೈಮೇಲೇ ಇನ್ನೊಂದು ರೆಗ್ಯುಲೇಟರ್ ಇತ್ತು. ಇದು 800ನ್ನು ಮತ್ತೆ 150ರಿಂದ 300ರ ಮಧ್ಯೆ ಎಲ್ಲಿಗೋ ತರುತ್ತದೆ. ಎಷ್ಟಕ್ಕೆ ಅನ್ನುವುದು ಮಾಡೆಲ್ಲಿಗೆ ತಕ್ಕಂತೆ. ನಾವು ಹದ ಮಾಡುವುದು ಇದನ್ನು. ಪಂದ್ಯದ ಗನ್ನುಗಳಲ್ಲಿ ಕೆಲವಕ್ಕೆ ಮೂರನೆಯದೂ ಇದೆ. ಅದು ಇನ್ನೂ ಕಮ್ಮಿ ಒತ್ತಡದಲ್ಲಿ ಗೋಲಿಯನ್ನು ಒಳಗೆ ತಳ್ಳುವ ಬೋಲ್ಟನ್ನು ಓಡಾಡಿಸಲಿಕ್ಕೆ ಮಾತ್ರ. ಜಾಸ್ತಿಯಾದರೆ ಬೋಲ್ಟು ಗೋಲಿಯನ್ನೇ ಕಚ್ಚಿ ಒಡೆಯುತ್ತದೆ.

ಕಡಿಮೆ ಒತ್ತಡದ ಗನ್ನಿನ ಪೆಟ್ಟು ಮೆತ್ತಗಿರುತ್ತದೆ ಅಂತ ಹೇಳುವವರಿದ್ದಾರೆ. ಹಾಗೇನಿಲ್ಲ. ಕಮ್ಮಿ ಒತ್ತಡದ ಗನ್ನು ಜಾಸ್ತಿ ಗಾಳಿ ಬಿಟ್ಟು ಅದೇ 280 ಅಡಿ ವೇಗ ಕೊಡುತ್ತದೆ. ಹಿಡಿದವನ ಕೈಗೆ ಒದೆತ ಕಮ್ಮಿ, ತಿಂದವನ ತೊಡೆಗೆ ಎರಡೂ ಒಂದೇ.

ಗಾಳಿಯ ಬದಲು ಕಾರ್ಬನ್ ಡೈಆಕ್ಸೈಡ್ ಇದ್ದರೆ

ಹಳೇ ಗನ್ನುಗಳಿಗೆ ಈ ಗ್ಯಾಸ್ ತುಂಬುವುದೂ ಉಂಟು. ಅಗ್ಗ, ಸುಲಭ. ಆದರೆ ಇದು ಅಡುಗೆ ಗ್ಯಾಸಿನ ಹಾಗೆ ಸಿಲಿಂಡರಿನೊಳಗೆ ದ್ರವವಾಗಿರುತ್ತದೆ. ಒತ್ತಡ ನಿರ್ಧಾರ ಆಗುವುದು ಹವೆಯ ಮೇಲೆ. 20 ಡಿಗ್ರಿಯಲ್ಲಿ ಸುಮಾರು 830 ಪಿಎಸ್‌ಐ, 30 ಡಿಗ್ರಿಯಲ್ಲಿ 1040ರ ಮೇಲೆ. ಡಿಸೆಂಬರಿನ ಮಂಜಿನ ಬೆಳಿಗ್ಗೆ 13 ಡಿಗ್ರಿ ಇದ್ದರೆ 700ರ ಹತ್ತಿರ. ಬೆಳಿಗ್ಗೆ ಸರಿ ಮಾಡಿಟ್ಟ ಗನ್ನು ಮಧ್ಯಾಹ್ನ ಬಿಸಿಲೇರಿದಾಗ ಬೇರೆ ಗನ್ನೇ ಆಗಿರುತ್ತದೆ. ಮೇಲಾಗಿ ಬೇಗ ಬೇಗ ಹೊಡೆದರೆ ದ್ರವ ಕುದಿದು ಸಿಲಿಂಡರ್ ತಣ್ಣಗಾಗಿ ಬೆವರುತ್ತದೆ. ದ್ರವವೇ ಗನ್ನಿನೊಳಗೆ ನುಗ್ಗಿದರೆ ರಬ್ಬರ್ ರಿಂಗುಗಳು ಸೆಟೆದುಕೊಂಡು ಹಾಳಾಗುತ್ತವೆ. ಇಂಥದ್ದಕ್ಕೆ ಹದ ಮಾಡುತ್ತ ಕೂರುವುದು ದಂಡ ಅಂತಲೇ ನನ್ನ ಲೆಕ್ಕ. ಗಾಳಿ ತುಂಬಿದ ಸಿಲಿಂಡರಿಗೆ ಬದಲಾಯಿಸುವುದು ಒಳ್ಳೆಯದು.

ಹದ ಮಾಡುವ ಸಂಜೆ

ಬೇಕಾದ ಮುಖ್ಯ ಸಾಮಾನು ಕ್ರೋನೋಗ್ರಾಫ್, ಅಂದರೆ ವೇಗ ಅಳೆಯುವ ಮೀಟರ್. ಗೋಲಿ ಎರಡು ಬೆಳಕಿನ ಕಣ್ಣುಗಳನ್ನು ದಾಟಲು ತೆಗೆದುಕೊಂಡ ಹೊತ್ತಿನಿಂದ ಇದು ವೇಗ ಲೆಕ್ಕ ಹಾಕುತ್ತದೆ. ಇದಿಲ್ಲದೆ ಸ್ಕ್ರೂ ತಿರುಗಿಸುವುದು ಅಂದರೆ ಕತ್ತಲಲ್ಲಿ ಅಡಿಕೆ ಆರಿಸಿದ ಹಾಗೆ. ಕಿವಿಯಲ್ಲಿ ಶಬ್ದ ಕೇಳಿ ವೇಗ ಹೇಳುತ್ತೇನೆ ಅನ್ನುವವರನ್ನು ನಂಬಬೇಡಿ. ಶಬ್ದ ಜೋರಾದರೆ ವೇಗ ಜೋರು ಅಂತೇನಿಲ್ಲ.

ಮೀಟರಿನ ಹತ್ತಿರ ನಿಂತವರೆಲ್ಲ ಮುಖವಾಡ ಹಾಕಿರಬೇಕು. ನೋಡಲು ಬಂದ ಮಕ್ಕಳೂ ಸೇರಿ. ಕಣ್ಣಿಗೆ ಬಿದ್ದ ಗೋಲಿಯಿಂದ ದೃಷ್ಟಿ ಹೋಗಬಹುದು. ಈ ಆಟದಲ್ಲಿ ಅತಿ ಕೆಟ್ಟ ಪೆಟ್ಟು ಅದೇ. ಹೊಡೆಯದಾಗ ನಳಿಗೆಗೆ ಬಟ್ಟೆಯ ಚೀಲ ಹಾಕಿಡಬೇಕು. ಗೋಲಿ ಹೋಗುವ ಕಡೆ ಮಣ್ಣಿನ ದಿಬ್ಬವೋ ದಪ್ಪ ಬಲೆಯೋ ಇರಲಿ.

ಗೋಲಿ ನಳಿಗೆಗೆ ಹೊಂದುತ್ತದಾ ಅಂತ ನೋಡುವುದು ಸುಲಭ. ಗನ್ನಿನಿಂದ ನಳಿಗೆ ಬಿಚ್ಚಿ, ಒಂದು ಗೋಲಿ ಹಾಕಿ. ತಾನಾಗಿ ಉರುಳಿ ಹೋದರೆ ಸಡಿಲ. ಊದಿದರೂ ಅಲ್ಲಾಡದಿದ್ದರೆ ಬಿಗಿ. ಅಲ್ಲೇ ನಿಂತು, ಬಾಯಿಂದ ಊದಿದಾಗ ಸರಕ್ಕನೆ ಆಚೆ ಹೋದರೆ ಸರಿ. ಇದು ಸರಿಯಿಲ್ಲದೆ ರೆಗ್ಯುಲೇಟರ್ ಎಷ್ಟು ತಿರುಗಿಸಿದರೂ ವೇಗ ಒಂದೇ ಸಮ ಆಗುವುದಿಲ್ಲ.

ಆಮೇಲೆ ಸಿಲಿಂಡರ್ ಹಾಕಿ, ಆನ್ ನಾಬನ್ನು ಪೂರ್ತಿ ತೆರೆದು, ಗನ್ನಿನ ರೆಗ್ಯುಲೇಟರ್ ಮೇಲಿನ ಒತ್ತಡದ ಮುಳ್ಳನ್ನು ಕಂಪನಿ ಪುಸ್ತಕದಲ್ಲಿ ಹೇಳಿದ ಅಂಕೆಗೆ ತರಬೇಕು. ಕೆಲವು ಮಾಡೆಲ್ ಬಲಕ್ಕೆ ತಿರುಗಿಸಿದರೆ ಏರುತ್ತವೆ, ಕೆಲವು ಇಳಿಯುತ್ತವೆ. ಪುಸ್ತಕ ನೋಡದೆ ತಿರುಗಿಸಬೇಡಿ. ಒಂದು ಸಲಕ್ಕೆ ಒಂದು ಸುತ್ತಿನ ಎಂಟನೇ ಒಂದು ಭಾಗ ಸಾಕು. ಗಡಿಯಾರದ ಚಿಕ್ಕ ಮುಳ್ಳು ಹನ್ನೆರಡರಿಂದ ಒಂದೂವರೆಗೆ ಸರಿದಷ್ಟು.

ಭಾವ ಎಡವಿದ್ದು ಇಲ್ಲಿ. ಕಮ್ಮಿ ಮಾಡಲು ತಿರುಗಿಸಿದರು. ಮುಳ್ಳು ಅಲ್ಲಾಡಲಿಲ್ಲ. ಇನ್ನೊಂದು ಸಲ, ಮತ್ತೊಂದು ಸಲ. "ಎಂತ ಮಾರಾಯ, ಇದು ಕೆಟ್ಟಿದೆ!"

"ಕೆಟ್ಟಿಲ್ಲ ಭಾವ. ಒಳಗಿದ್ದ ಗಾಳಿ ಎಲ್ಲಿಗೆ ಹೋಗಬೇಕು ಹೇಳಿ?"

ಅವರಿಗೆ ಗೊತ್ತಾಗಿದ್ದು ತೋಟದ ಪಂಪಿನ ಉದಾಹರಣೆ ಕೊಟ್ಟಾಗ. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಎಚ್‌ಟಿಪಿ ಪಂಪಿಗೂ ಒಂದು ಪ್ರೆಶರ್ ನಾಬ್ ಇದೆ. ಅದನ್ನು ಸಡಿಲ ಮಾಡಿದ ಕೂಡಲೇ ಪ್ರೆಶರ್ ಇಳಿಯುತ್ತದೆ. ಯಾಕೆಂದರೆ ಹೆಚ್ಚಿನ ದ್ರಾವಣ ಇನ್ನೊಂದು ಪೈಪಿನಲ್ಲಿ ಡ್ರಮ್ಮಿಗೆ ವಾಪಸ್ ಹೋಗುತ್ತದೆ. ಪೇಂಟ್‌ಬಾಲ್ ರೆಗ್ಯುಲೇಟರಿಗೆ ಸಾಮಾನ್ಯವಾಗಿ ಆ ವಾಪಸ್ ದಾರಿ ಇಲ್ಲ. ಒಳಗೆ ಬಂದ ಗಾಳಿಗೆ ನಳಿಗೆಯೊಂದೇ ಬಾಗಿಲು. ಹಾಗಾಗಿ ಇಳಿಸಿದ ಮೇಲೆ ಗೋಲಿಯಿಲ್ಲದೆ ಮೂರ್ನಾಲ್ಕು ಸಲ ಟ್ರಿಗರ್ ಒತ್ತಬೇಕು. ಹಳೇ ಗಾಳಿ ಹೋಗಿ ಹೊಸ ಮಟ್ಟ ಮುಳ್ಳಿನಲ್ಲಿ ಕಾಣುತ್ತದೆ. ಭಾವ ನಾಲ್ಕು ಸಲ ಒತ್ತಿದರು. ಮುಳ್ಳು ಧಬಕ್ಕನೆ ಎಲ್ಲೋ ಕೆಳಗೆ ಬಿತ್ತು. ಮೂರು ಸಲ ತಿರುಗಿಸಿದ್ದರಲ್ಲ, ಮತ್ತೆ ಮೊದಲಿಂದ.

ಮಟ್ಟ ನಿಂತ ಮೇಲೆ ಐದು ಗೋಲಿ ಹೊಡೆದು ಐದೂ ಅಂಕೆ ಬರೆದುಕೊಳ್ಳಬೇಕು. ಸರಾಸರಿಗಿಂತ ನಾನು ಮೊದಲು ನೋಡುವುದು ಅಂಕೆಗಳ ನಡುವಿನ ಅಂತರವನ್ನು. ಆಚೆ ಈಚೆ ಐದು ಅಡಿಯೊಳಗಿದ್ದರೆ ಗನ್ನು ಚೆನ್ನಾಗಿದೆ. ಬಾಡಿಗೆ ಗನ್ನಿಗೆ ಹತ್ತಾದರೂ ಪರವಾಗಿಲ್ಲ. ಇಪ್ಪತ್ತು ಮೂವತ್ತು ಅಡಿ ಹಾರಾಡುತ್ತಿದ್ದರೆ ಸ್ಕ್ರೂ ಮುಟ್ಟುವ ಮುಂಚೆ ಕಾಯಿಲೆ ಹುಡುಕಬೇಕು.

ತೆವಳುವ ಮುಳ್ಳು

ದೂರು ಬಂದಿದ್ದ ಗನ್ನನ್ನು 180 ಪಿಎಸ್‌ಐಗೆ ನಿಲ್ಲಿಸಿ, ಐದು ಗೋಲಿ ಹೊಡೆದೆವು. ಎಲ್ಲ 270 ಅಡಿಯ ಆಸುಪಾಸು. ಭಾವನಿಗೆ ಖುಷಿ. ಅಕ್ಕ ಕಷಾಯ ತಂದಳು. ಗನ್ನನ್ನು ಮೇಜಿನ ಮೇಲಿಟ್ಟು ಕಷಾಯ ಕುಡಿದು, ಲೋಟ ಕೆಳಗಿಡುವಾಗ ಮುಳ್ಳು ನೋಡಿದೆ. 230. ಯಾರೂ ಮುಟ್ಟಿರಲಿಲ್ಲ. ಮೀಟರಿಗೆ ಹಿಡಿದು ಹೊಡೆದೆ: 312. ಎರಡನೇದು 274. ಮೂರನೇದು 271. ಹುಡುಗ ಹೇಳಿದ್ದು ಸತ್ಯ.

ಇದಕ್ಕೆ ಕ್ರೀಪ್ ಅನ್ನುತ್ತಾರೆ, ತೆವಳುವುದು. ಸೀಟು ಸರಿಯಾಗಿ ಮುಚ್ಚದೆ ಹಿಂದಿನ ಜೋರು ಗಾಳಿ ಸಣ್ಣಗೆ ಒಳಗೆ ಜಿನುಗುತ್ತಲೇ ಇರುತ್ತದೆ. ಆಡುತ್ತಿರುವಾಗ ಗೊತ್ತಾಗುವುದಿಲ್ಲ, ಗೋಲಿಯ ಜೊತೆ ಗಾಳಿ ಖರ್ಚಾಗುತ್ತಿರುತ್ತದೆ. ಡ್ರಮ್ಮಿನ ಹಿಂದೆ ಎರಡು ನಿಮಿಷ ಅಡಗಿ ಕೂತು ಎದ್ದು ಹೊಡೆದಾಗ ಆ ಒಂದು ಗೋಲಿಗೆ ಕೂಡಿಟ್ಟ ಜೋರೆಲ್ಲ ಸಿಗುತ್ತದೆ. ಅಡಗಿ ಕೂತವನು ಹೊಡೆಯುವುದು ಹತ್ತಿರ ಬಂದವನಿಗೇ, ಅದೇ ಕಷ್ಟ. ಫ್ಲೋಟ್ ವಾಲ್ವಿನ ವಾಷರ್ ಹೋದಾಗ ರಾತ್ರಿಯೆಲ್ಲ ಟ್ಯಾಂಕ್ ತೊಟ್ಟಿಕ್ಕಿ ಬೆಳಿಗ್ಗೆ ಅಂಗಳ ಒದ್ದೆಯಾಗಿರುತ್ತದಲ್ಲ, ಅದೇ ಕಾಯಿಲೆ.

ಸಿಲಿಂಡರ್ ತೆಗೆದು, ಒಳಗಿನ ಗಾಳಿ ಪೂರ್ತಿ ಖಾಲಿ ಮಾಡಿ, ರೆಗ್ಯುಲೇಟರ್ ಬಿಚ್ಚಿದೆ. ಸೀಟಿನ ಬಿಲ್ಲೆ ಕಿರುಬೆರಳಿನ ಉಗುರಿನಷ್ಟು. ಟಾರ್ಚ್ ಹಿಡಿದಾಗ ಮೇಲೆ ಪಿಸ್ಟನ್ ಕೂತು ಕೂತು ಬಿದ್ದ ದುಂಡು ಅಚ್ಚು, ಅದನ್ನು ಅಡ್ಡ ಕೊಯ್ದ ಕೂದಲೆಳೆಯಂಥ ಒಂದು ಗೀರು ಕಂಡಿತು. ಪಕ್ಕದಲ್ಲಿ ರಾಗಿಕಾಳಿಗಿಂತ ಸಣ್ಣ ಕೆಂಪು ಮಣ್ಣಿನ ಕಣ. ಯಾರೋ ಸಿಲಿಂಡರನ್ನು ನೆಲದ ಮೇಲಿಟ್ಟು ಬಾಯಿ ಒರೆಸದೆ ಜೋಡಿಸಿದ್ದಾರೆ. ಹೊಸ ಸೀಟು, ಹೊಸ ರಬ್ಬರ್ ರಿಂಗು, ಬಟಾಣಿಯಷ್ಟೂ ಬೇಡ, ತೆಳ್ಳಗೆ ಪೇಂಟ್‌ಬಾಲಿಗೆ ಅಂತಲೇ ಬರುವ ಗ್ರೀಸ್. ಮುಳ್ಳು ಒಂದು ಗಂಟೆ ಕಾದರೂ ಅಲ್ಲಾಡಲಿಲ್ಲ.

ಇದರ ಉಲ್ಟಾ ಕಾಯಿಲೆಯೂ ಇದೆ. ಒಂದೊಂದೇ ಹೊಡೆದರೆ ವೇಗ ಸರಿ, ಬೇಗ ಬೇಗ ಐದು ಹೊಡೆದರೆ ಮೂರನೇದರಿಂದ ಇಳಿಯುತ್ತದೆ. ರೆಗ್ಯುಲೇಟರಿಗೆ ಮತ್ತೆ ತುಂಬಿಕೊಳ್ಳಲು ಪುರುಸೊತ್ತಿಲ್ಲ. ಅಡುಗೆಮನೆ ನಲ್ಲಿ ತೆರೆದ ಕೂಡಲೇ ಬಚ್ಚಲ ನೀರು ಸಣ್ಣಗಾದ ಹಾಗೆ. ಆನ್ ನಾಬ್ ಅರ್ಧವೇ ತೆರೆದಿದ್ದರೂ ಹೀಗಾಗುತ್ತದೆ, ಮೊದಲು ಅದನ್ನು ನೋಡಿ. ಆಮೇಲೆ ಕಸ ಕಟ್ಟಿದ ಜಾಲರಿ. ಆಮೇಲೆ ಸಿಲಿಂಡರಿನಲ್ಲಿ ಗಾಳಿ ಎಷ್ಟು ಉಳಿದಿದೆ ಅಂತ. 800 ಕೊಡಬೇಕಾದ ರೆಗ್ಯುಲೇಟರ್ ಹಿಂದೆ 600 ಇದ್ದರೆ ಅದೇನು ಮಾಡೀತು? ಸಾದಾ ಗನ್ನುಗಳಲ್ಲಿ ಗಾಳಿ ಮುಗಿಯುವ ಹೊತ್ತಿಗೆ ಇನ್ನೊಂದು ತಮಾಷೆ ಆಗುತ್ತದೆ. ವಾಲ್ವಿಗೆ ಬಡಿದು ಗಾಳಿ ಬಿಡಿಸುವ ಒಳಗಿನ ಸುತ್ತಿಗೆ ಪೂರ್ತಿ ಹಿಂದೆ ಹೋಗಿ ಕೊಕ್ಕೆಗೆ ಸಿಕ್ಕಿಕೊಳ್ಳದೆ ಒಂದೇ ಸಲ ಒತ್ತಿದರೂ ದಡದಡ ಅಂತ ಮಿಷಿನ್ ಗನ್ನಿನಂತೆ ಬಡಿದುಕೊಳ್ಳುತ್ತದೆ. ಹುಡುಗರು ಖುಷಿ ಪಡುತ್ತಾರೆ. ಸಿಲಿಂಡರ್ ಬದಲಿಸಿ ಅಂತ ಗನ್ನು ಕೂಗುತ್ತಿರುವುದು ಅದು.

ಒತ್ತಡ ಏರಿಸಿದರೆ ವೇಗ ಇಳಿಯುವುದುಂಟಾ?

ಉಂಟು. ಭಾವ ನಂಬಲೇ ಇಲ್ಲ. ಎರಡನೇ ಗನ್ನಿನಲ್ಲಿ ಮಾಡಿ ತೋರಿಸಿದೆ. 160 ಪಿಎಸ್‌ಐಗೆ 245 ಅಡಿ. 200ಕ್ಕೆ 281. 240ಕ್ಕೆ 288. 260ಕ್ಕೆ 284. 280ಕ್ಕೆ 276. ಘಾಟಿ ಹತ್ತಿ ಆಚೆ ಇಳಿದ ಹಾಗೆ.

ಕಾರಣ ಗನ್ನಿನೊಳಗಿನ ಸುತ್ತಿಗೆಯಲ್ಲಿದೆ. ಈ ಬಗೆಯ ಗನ್ನಿನಲ್ಲಿ ಟ್ರಿಗರ್ ಒತ್ತಿದಾಗ ಸ್ಪ್ರಿಂಗಿನ ಬಲದಿಂದ ಒಂದು ಸುತ್ತಿಗೆ ಮುಂದೆ ಹಾರಿ ವಾಲ್ವಿಗೆ ಬಡಿಯುತ್ತದೆ. ವಾಲ್ವ್ ಕ್ಷಣ ಹೊತ್ತು ತೆರೆದು ಗಾಳಿ ಬಿಡುತ್ತದೆ. ವಾಲ್ವನ್ನು ಮುಚ್ಚಿ ಹಿಡಿದಿರುವುದು ಹಿಂದಿನ ಗಾಳಿಯೇ. ಒತ್ತಡ ಕಮ್ಮಿ ಇದ್ದರೆ ವಾಲ್ವ್ ಜಾಸ್ತಿ ಹೊತ್ತು ತೆರೆದಿರುತ್ತದೆ, ಆದರೆ ಗಾಳಿಯಲ್ಲಿ ಜೋರಿಲ್ಲ. ಒತ್ತಡ ತೀರಾ ಜಾಸ್ತಿಯಾದರೆ ಗಾಳಿಯಲ್ಲಿ ಜೋರಿದೆ, ಆದರೆ ಹಿಂದಿನಿಂದ ಜನ ಒರಗಿ ನಿಂತ ಬಾಗಿಲಿನ ಹಾಗೆ ವಾಲ್ವ್ ಚೂರು ತೆರೆದು ದಪ್ಪನೆ ಮುಚ್ಚಿಕೊಳ್ಳುತ್ತದೆ. ಮಧ್ಯದಲ್ಲೆಲ್ಲೋ ಎರಡೂ ಕೂಡಿ ಬರುವ ಒಂದು ಜಾಗ ಇದೆ. ಆಲೆಮನೆಯಲ್ಲಿ ಜೋನಿ ಬೆಲ್ಲಕ್ಕೆ ಪಾಕ ನೋಡುತ್ತಾರಲ್ಲ, ಹಾಗೆ ಈ ಜಾಗವನ್ನು ಹುಡುಕಬೇಕು.

ಈ ತುದಿಯ ಹತ್ತಿರ ನಿಲ್ಲಿಸಿದರೆ ಲಾಭ ಇದೆ. ಪಟ್ಟಿ ನೋಡಿ: 160ರಿಂದ 200ಕ್ಕೆ ಹೋಗುವಾಗ ವೇಗ 36 ಅಡಿ ಏರಿತು. 200ರಿಂದ 260ರ ಮಧ್ಯೆ ಹೆಚ್ಚೇನೂ ಬದಲಾಗಲಿಲ್ಲ. ಅಂದರೆ ಅಲ್ಲಿ ರೆಗ್ಯುಲೇಟರ್ ಚೂರು ಹೆಚ್ಚುಕಮ್ಮಿ ಆದರೂ ಗೋಲಿಗೆ ಗೊತ್ತಾಗುವುದಿಲ್ಲ. ಒತ್ತಡವನ್ನು ತುದಿಗಿಂತ ಸ್ವಲ್ಪ ಕೆಳಗೆ, 220ರಲ್ಲಿ ನಿಲ್ಲಿಸಿ, ವೇಗವನ್ನು ಸುತ್ತಿಗೆಯ ಸ್ಪ್ರಿಂಗ್ ಸ್ಕ್ರೂ ಸಡಿಲಿಸಿ 270ಕ್ಕೆ ಇಳಿಸಿದೆ. ಹೊಸಬರು ಮಾಡುವ ತಪ್ಪು ಇಲ್ಲೇ. ವೇಗ ಸಾಲದು ಅಂತ ಒತ್ತಡ ಏರಿಸುತ್ತ ಹೋಗುತ್ತಾರೆ, ತುದಿ ದಾಟಿದ್ದು ಗೊತ್ತಾಗುವುದಿಲ್ಲ. ಆಮೇಲೆ ಯಾರೋ ಕಮ್ಮಿ ಮಾಡಲು ಹೋದಾಗ ಗೋಲಿ 300 ದಾಟುತ್ತದೆ.

ಸುತ್ತಿಗೆಯಿಲ್ಲದ ಹೊಸ ಎಲೆಕ್ಟ್ರಾನಿಕ್ ಗನ್ನುಗಳಲ್ಲಿ ಈ ಘಾಟಿ ಇಲ್ಲ. ಅವುಗಳಲ್ಲಿ ಸಾಮಾನ್ಯವಾಗಿ ಒತ್ತಡ ಏರಿದರೆ ವೇಗವೂ ಏರುತ್ತದೆ.

ಕೈ ಹಾಕಬಾರದ ಕಡೆ

ಸಿಲಿಂಡರಿನ ಕುತ್ತಿಗೆಯ ರೆಗ್ಯುಲೇಟರನ್ನು ಮನೆಯಲ್ಲಿ ಬಿಚ್ಚಬಾರದು. ಅದರ ಪಕ್ಕದಲ್ಲಿ ಎರಡು ಚಿಕ್ಕ ಬೋಲ್ಟುಗಳಿವೆ. ಒಳಗೆ ತೆಳು ಲೋಹದ ಬಿಲ್ಲೆ. ಕುಕ್ಕರಿನ ಸೇಫ್ಟಿ ವಾಲ್ವಿನ ಹಾಗೆ ಒತ್ತಡ ಮೀರಿದರೆ ಅವು ಹರಿದು ಗಾಳಿ ಬಿಡುತ್ತವೆ. ಸೋರುತ್ತದೆ ಅಂತ ಬೇರೆ ಬೋಲ್ಟ್ ಹಾಕಿ ಮುಚ್ಚಿದರೆ ಉಳಿಯುವುದು ಬಾಂಬು.

ಸಿಲಿಂಡರನ್ನು ಗನ್ನಿನಿಂದ ತಿರುಗಿಸಿ ಬಿಚ್ಚುವಾಗ ರೆಗ್ಯುಲೇಟರ್ ಅಥವಾ ವಾಲ್ವ್ ಗನ್ನಿಗೇ ಅಂಟಿಕೊಂಡು, ಸಿಲಿಂಡರ್ ಮಾತ್ರ ಕಳಚಿ ರಾಕೆಟ್ಟಿನಂತೆ ಹಾರಿದ್ದುಂಟು. ಅಮೆರಿಕದಲ್ಲಿ ಹೀಗೆ ಜೀವ ಹೋಗಿದೆ. ಇದಕ್ಕೆ ಅಲ್ಲಿಯ ಆಟಗಾರರ ಒಂದು ಸಣ್ಣ ಉಪಾಯವಿದೆ. ಸಿಲಿಂಡರ್ ಮತ್ತು ಅದರ ವಾಲ್ವ್ ಕೂಡುವ ಕಡೆ ಎರಡನ್ನೂ ಮುಟ್ಟುವ ಹಾಗೆ ನೇಲ್ ಪಾಲಿಶಿನಲ್ಲಿ ಒಂದು ಗೆರೆ ಎಳೆಯುವುದು. ಬಿಚ್ಚುವಾಗ ಗೆರೆ ಎರಡು ತುಂಡಾಗಿ ಕಂಡರೆ ಕೈ ಬಿಡಿ, ಗೊತ್ತಿದ್ದವರನ್ನು ಕರೆಯಿರಿ. ಅಕ್ಕನ ಕೆಂಪು ಪಾಲಿಶ್ ಈಗ ಎಂಟೂ ಸಿಲಿಂಡರ್ ಮೇಲಿದೆ.

ಎಣ್ಣೆ ವಿಷಯ ಇನ್ನೊಂದು. ಸಿಲಿಂಡರಿನ ಗಾಳಿ ತುಂಬುವ ಮೂತಿ ಬಿಗಿಯಾಗಿದೆ ಅಂತ ಭಾವನ ಆಳು ತೆಂಗಿನೆಣ್ಣೆ ಹಚ್ಚಲು ಹೋಗಿದ್ದ. ಜೋರು ಗಾಳಿ ಒಮ್ಮೆಲೇ ನುಗ್ಗುವಾಗ ಆ ಜಾಗ ವಿಪರೀತ ಬಿಸಿಯಾಗುತ್ತದೆ. ಅಲ್ಲಿ ಎಣ್ಣೆ ಇದ್ದರೆ ಹೊತ್ತಿಕೊಳ್ಳಬಹುದು. ತೆಂಗಿನೆಣ್ಣೆ, ಮಿಷಿನ್ ಎಣ್ಣೆ ಯಾವುದೂ ಬೇಡ. ಸೋರಿಕೆ ಇದ್ದರೆ ಗ್ಯಾಸ್ ಸಿಲಿಂಡರಿಗೆ ಮಾಡುವಂತೆ ಸೋಪಿನ ನೊರೆ ಹಚ್ಚಿ ಗುಳ್ಳೆ ನೋಡಿ. ಮೈಮೇಲೆ ಒತ್ತಿರುವ ಪರೀಕ್ಷೆಯ ತಾರೀಕನ್ನೂ ಓದಿ. ಗಡುವು ಮೀರಿದ್ದಕ್ಕೆ ಗಾಳಿ ತುಂಬಿಸಬೇಡಿ.

ಮಳೆ ಹಿಡಿದ ಮೇಲೆ

ಜೂನ್ ಮೊದಲ ವಾರ ಭಾವ ಮತ್ತೆ ಫೋನ್ ಮಾಡಿದರು. ಹದ ಮಾಡಿದ್ದ ಗನ್ನುಗಳೇ ಮತ್ತೆ ಏನೇನೋ ಅಂಕೆ ತೋರಿಸುತ್ತಿವೆ ಅಂತ. ಸ್ಕ್ರೂ ಮುಟ್ಟಬೇಡಿ, ಒಂದು ಗೋಲಿ ನಳಿಗೆಗೆ ಹಾಕಿ ಊದಿ ಅಂದೆ. ಅಲ್ಲಾಡಲಿಲ್ಲ. ಜೆಲಟಿನ್ ಸಿಪ್ಪೆ ನೀರು ಕುಡಿಯುತ್ತದೆ. ಆಗುಂಬೆಯ ಸೆರಗಿನ ಹವೆಯಲ್ಲಿ ಬಾಯಿ ತೆರೆದಿಟ್ಟ ಡಬ್ಬದ ಗೋಲಿ ಮಳೆಗಾಲದ ಹಪ್ಪಳದಂತೆ ಮೆತ್ತಗಾಗಿ ಉಬ್ಬುತ್ತದೆ, ಒಂದು ಕಡೆ ಚಪ್ಪಟೆಯಾಗುತ್ತದೆ. ಅಂಥದ್ದಕ್ಕೆ ರೆಗ್ಯುಲೇಟರ್ ಏನೂ ಮಾಡಲಾರದು.

ಈಗ ಮೈದಾನ ದಸರಾವರೆಗೆ ಬಂದ್. ಗನ್ನುಗಳ ಗಾಳಿ ಖಾಲಿ ಮಾಡಿ, ಬಟ್ಟೆ ಸುತ್ತಿ, ಒಲೆಯ ಹೊಗೆ ತಾಗದ ಅಟ್ಟದ ಮೂಲೆಯಲ್ಲಿ ಇಟ್ಟಿದ್ದಾರೆ. ಸಿಲಿಂಡರುಗಳಲ್ಲಿ ಮಾತ್ರ ಸ್ವಲ್ಪ ಗಾಳಿ ಉಳಿಸಿದ್ದೇವೆ. ಪೂರ್ತಿ ಖಾಲಿ ಬಿಟ್ಟರೆ ಈ ಹವೆಯಲ್ಲಿ ಒಳಗೆ ತೇವ ಸೇರಿಕೊಳ್ಳುತ್ತದೆ. ಉಳಿದ ಗೋಲಿಗಳನ್ನು ಅಕ್ಕ ಅಕ್ಕಿ ಡಬ್ಬದ ಪಕ್ಕದಲ್ಲಿ, ಗಾಳಿಯಾಡದ ಡಬ್ಬಿಯಲ್ಲಿ ಹಾಕಿ, ಮೇಲೆ "ತಿನ್ನುವುದಲ್ಲ" ಅಂತ ಚೀಟಿ ಅಂಟಿಸಿದ್ದಾಳೆ.